ಅಪ್‌ಡೇಟ್: ಬಾಕ್ಸರ್ ಕುದುರೆ ಬಗ್ಗೆ ಕೇಳಿದ್ದೆನಲ್ಲ

ಹೋದ ತಿಂಗಳು ಕೇಳಿದ್ದೆ: ಜಾರ್ಜ್ ಆರ್ವೆಲ್ ಅವರ ‘ಅನಿಮಲ್ ಫಾರ್ಮ್’ (1945), ಅಂದರೆ ಪ್ರಾಣಿಗಳು ಯಜಮಾನನನ್ನು ಓಡಿಸಿದ ಮೇಲೆ ಹಂದಿಗಳೇ ಯಜಮಾನರಾಗುವ ಕಾದಂಬರಿ ಬಗ್ಗೆ ಪ್ರಬಂಧ ಬರೆಯುವಾಗ ಬಾಕ್ಸರ್ ಕುದುರೆ ಅಂದರೆ ದುಡಿಯುವ ಜನ, ನೆಪೋಲಿಯನ್ ಹಂದಿ ಅಂದರೆ ಸ್ಟಾಲಿನ್ ಅಂತ ಪಟ್ಟಿ ಕೊಟ್ಟರೆ ಸಾಕಾ ಅಂತ. ‘ಪಾತ್ರ ಏನು ಮಾಡುತ್ತೆ, ಏನು ಮಾಡಲ್ಲ, ಅದನ್ನು ನೋಡಿ’ ಅಂದಿರಿ. ನೋಡಿದೆ.

ಬಾಕ್ಸರ್ ಸುಲಭ. ಇನ್ನೂ ಜಾಸ್ತಿ ದುಡಿಯುತ್ತೇನೆ ಅನ್ನುತ್ತಲೇ ಕುಸಿದು ಬೀಳುತ್ತಾನೆ. ಹಂದಿಗಳು ಅವನನ್ನು ಕಟುಕನಿಗೆ ಮಾರಿ ವಿಸ್ಕಿ ತರಿಸುತ್ತವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೆಂಜಮಿನ್ ಕತ್ತೆ. ಹಂದಿಗಳಷ್ಟೇ ಚೆನ್ನಾಗಿ ಓದಲು ಬರುತ್ತೆ, ಆದರೆ ಓದಲ್ಲ. ಗೋಡೆ ಮೇಲೆ ಬರೆದ ತೋಟದ ನಿಯಮಗಳನ್ನು ಹಂದಿಗಳು ಒಂದೊಂದಾಗಿ ಬದಲಿಸುವಾಗಲೂ ಸುಮ್ನೆ ಇರುತ್ತೆ. ಬಾಕ್ಸರ್‌ನನ್ನು ಒಯ್ಯಲು ಬಂದ ಗಾಡಿ ಕಟುಕನದು ಅಂತ ಅದರ ಮೇಲಿನ ಬರಹವನ್ನು ಓದಿ ಹೇಳುವ ಹೊತ್ತಿಗೆ ಬಾಕ್ಸರ್ ಒಳಗಿರುತ್ತಾನೆ. ನೆಪೋಲಿಯನ್ ಪರವಾಗಿ ಮಾತಾಡುವ ಹಂದಿ ಸ್ಕ್ವೀಲರ್‌ನ ಸುಳ್ಳಿನಷ್ಟೇ ಈ ಮೌನವೂ ಕೆಲಸ ಮಾಡಿದೆ, ಅಲ್ವಾ?

ಬೇಲೂರಿನ ಮನೆಯಲ್ಲಿ ತಾತನಿಗೆ ಕತೆ ಹೇಳಿದೆ. ‘ಓದೋಕೆ ಬರ್ತಿತ್ತಲ್ಲ ಮಗಾ, ಮೊದಲೇ ಹೇಳೋಕೆ ಆ ಕತ್ತೆಗೇನಾಗಿತ್ತು?’ ಅಂದರು. ಪ್ರಬಂಧವನ್ನು ಅಲ್ಲಿಂದಲೇ ಶುರು ಮಾಡಿದೆ. ಪಟ್ಟಿ ಬಿಟ್ಟೆ.

ಹಾಸನದಲ್ಲಿ ನಮ್ಮ ಮೇಷ್ಟ್ರು 20ಕ್ಕೆ 16 ಕೊಟ್ಟರು. ಮೋಲಿಯನ್ನು ಬಿಟ್ಟಿದ್ದಕ್ಕೆ ಕೆಂಪು ಗೆರೆ ಬಿತ್ತು. ರಿಬ್ಬನ್ನು, ಸಕ್ಕರೆ ಆಸೆಗೆ ತೋಟ ಬಿಟ್ಟು ಹೋದ ಕುದುರೆ. ನಿಜ, ಮರೆತೇಬಿಟ್ಟಿದ್ದೆ.