ಭತ್ತದ ಎಲೆ ಕಳಿಸಿದರೆ ಮಾಸ್ ಸ್ಪೆಕ್ (ತೂಕ ಅಳೆದು ಪ್ರೋಟೀನ್ ಗುರುತಿಸುವ ಯಂತ್ರ) ರಿಪೋರ್ಟ್ ತುಂಬ ಕೆರಾಟಿನ್!

ಸೋನಾ_ರಾಯಚೂರು
ಸಿಂಧನೂರು ಕಡೆಯ ಸವಳು ಗದ್ದೆಯ ಸೋನಾ ಮಸೂರಿ ಎಲೆ. 8 ಮೋಲಾರ್ ಯೂರಿಯಾದಲ್ಲಿ ಪ್ರೋಟೀನ್ ತೆಗೆದು, ಸ್ಯಾಂಪಲ್ ಬಫರ್ ಸೇರಿಸಿ 95 ಡಿಗ್ರಿಗೆ 5 ನಿಮಿಷ ಕಾಯಿಸಿ, ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ 12% ಜೆಲ್ ಓಡಿಸಿದ್ದು. ಸವಳಿನ ಗಿಡದಲ್ಲಿ ಮಾತ್ರ ದಟ್ಟವಾಗಿದ್ದ 25 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಬ್ಯಾಂಡ್ ಕತ್ತರಿಸಿ, ಟ್ರಿಪ್ಸಿನ್ (ಲೈಸಿನ್, ಅರ್ಜಿನಿನ್ ಬಳಿ ಕತ್ತರಿಸಿ ಪ್ರೋಟೀನನ್ನು ಪೆಪ್ಟೈಡ್ ತುಂಡುಗಳಾಗಿಸುವ ಕಿಣ್ವ) ಹಾಕಿ ಬೆಂಗಳೂರಿಗೆ ಕಳಿಸಿದ್ದೆವು. ಪಟ್ಟಿಯಲ್ಲಿ ಮೊದಲಿಗೇ ಕೆರಾಟಿನ್ 1, ಕೆರಾಟಿನ್ 10, ಆಮೇಲೆ ಟ್ರಿಪ್ಸಿನ್, ರುಬಿಸ್ಕೊ (ಎಲೆಯಲ್ಲಿ ಹೇರಳವಾಗಿರುವ ಪ್ರೋಟೀನ್). ಭತ್ತದ ಉಳಿದ ಪ್ರೋಟೀನ್‌ಗಳಿಗೆ ಒಂದೊಂದೇ ಪೆಪ್ಟೈಡ್, ಅದರಲ್ಲೂ ಲೈಸಿನ್ ಬಳಿ ಕತ್ತರಿಸದೆ ಉಳಿದವೇ ಜಾಸ್ತಿ. ಟ್ರಿಪ್ಸಿನ್ ಕೆಟ್ಟಿದೆಯಾ? ಮತ್ತೆ ದುಡ್ಡು ಕಟ್ಟುವ ಮುಂಚೆ ಏನು ನೋಡಬೇಕು?

ಪೆಪ್ಟೈಡ್_ಬಳ್ಳಾರಿ
ಅರ್ಜಿನಿನ್ ಬಳಿ ಸರಿಯಾಗಿ ಕತ್ತರಿಸಿ ಲೈಸಿನ್ ಮಾತ್ರ ಬಿಟ್ಟಿದ್ದರೆ ಟ್ರಿಪ್ಸಿನ್ ಮೇಲೆ ಅನುಮಾನ ಬೇಡ, ಅದು ಯೂರಿಯಾದ ಕೆಲಸ. ಯೂರಿಯಾ ಬಿಸಿಯಾದರೆ ಸಯನೇಟ್ ಹುಟ್ಟಿ ಲೈಸಿನ್‌ಗೆ ಅಂಟುತ್ತೆ (+43.006 ಡಾಲ್ಟನ್). ಅಂಥ ಲೈಸಿನ್ ಬಳಿ ಟ್ರಿಪ್ಸಿನ್ ಕತ್ತರಿಸಲ್ಲ. 95 ಡಿಗ್ರಿ ಹಾಗಿರಲಿ, ಮೇ ತಿಂಗಳಲ್ಲಿ ನಮ್ಮ ಕಡೆ ಎಸಿ ಇಲ್ಲದ ಲ್ಯಾಬ್‌ನ ಬೆಂಚೇ 37 ದಾಟುತ್ತೆ. ಪ್ರೋಟೋಕಾಲ್‌ನಲ್ಲಿ ರೂಮ್ ಟೆಂಪರೇಚರ್ ಅಂದರೆ 20-25. ಯೂರಿಯಾ ಆ ಹೊತ್ತಿಗೇ ಕಲಸಿಕೊಳ್ಳಿ, ಕಾಯಿಸಬೇಡಿ.

ಹೊಸ ಸ್ಯಾಂಪಲ್‌ಗಿಂತ ಮೊದಲು ಹಳೆಯ ರಾ ಫೈಲ್ (ಯಂತ್ರದ ಮೂಲ ಡೇಟಾ) ತರಿಸಿ, ಪ್ರೋಟೀನ್ ಡೇಟಾಬೇಸ್ ಜೊತೆ ಹೋಲಿಸುವ ಸರ್ಚ್ ಮತ್ತೆ ಕೊಡಿ. ಲೈಸಿನ್ ಮತ್ತು ಎನ್-ತುದಿಗೆ ಕಾರ್ಬಮೈಲ್ (ಸಯನೇಟ್ ಅಂಟಿದ ಆ +43), ಮೆಥಿಯೊನಿನ್‌ಗೆ ಆಕ್ಸಿಡೇಶನ್ ವೇರಿಯಬಲ್ (ಇರಬಹುದು, ಇಲ್ಲದಿರಬಹುದು), ಅಯೋಡೋಅಸಿಟಮೈಡ್ ಹಾಕಿದ್ದರೆ ಸಿಸ್ಟೀನ್ +57.021 ಫಿಕ್ಸೆಡ್ (ಎಲ್ಲದರಲ್ಲೂ ಇದೆ ಅಂತ), ಮಿಸ್ಡ್ ಕ್ಲೀವೇಜ್ (ಕತ್ತರಿಸದೆ ಉಳಿದ ಜಾಗ) 2, ಎಫ್‌ಡಿಆರ್ (ತಪ್ಪು ಗುರುತಿನ ಪಾಲು) 1%. ಸೋನಾ ಮಸೂರಿ ಇಂಡಿಕಾ ಗುಂಪಿನ ಭತ್ತ. ಜಪೋನಿಕಾ ಡೇಟಾಬೇಸ್ ಒಂದೇ ಕೊಟ್ಟಿದ್ದರೆ ಇಂಡಿಕಾವನ್ನೂ ಸೇರಿಸಿ, ಜೊತೆಗೆ ಕಂಟಾಮಿನೆಂಟ್ (ಹೊರಗಿನಿಂದ ಬೆರೆಯುವ ಕೆರಾಟಿನ್‌ನಂಥ ಪ್ರೋಟೀನ್) ಪಟ್ಟಿ. ಆ ಪಟ್ಟಿ ಇಲ್ಲದಿದ್ದರೆ ಕೆರಾಟಿನ್ ಸ್ಪೆಕ್ಟ್ರಮ್ ಬಂದು ಭತ್ತದ ಯಾವುದೋ ಪ್ರೋಟೀನ್ ಮೇಲೆ ಕೂತುಬಿಡುತ್ತೆ.

ಜೆಲ್_ಕೊಪ್ಪಳ
ಕೆರಾಟಿನ್‌ಗೆ ಬಳ್ಳಾರಿ ಧೂಳನ್ನು ಬೈದು ಪ್ರಯೋಜನವಿಲ್ಲ ರೀ, ಬರೋದು ನಮ್ಮದೇ ಚರ್ಮ, ಕೂದಲಿಂದ. ಕೂಮಾಸಿ (ಜೆಲ್‌ಗೆ ಹಾಕುವ ಬಣ್ಣ) ಹಾಕುವ ಟ್ರೇ ಎಲ್ಲರೂ ಬಳಸುವಂಥದ್ದಾ? ಹಳೆಯ ಸ್ಟೇನ್ ಮರುಬಳಕೆಯಾ? ಎರಡೂ ಬಿಡಿ. ನೈಟ್ರೈಲ್ ಗ್ಲೌಸ್ ಕೋಟಿನ ತೋಳಿನ ಮೇಲೆ ಎಳೆದುಕೊಂಡು, ಲ್ಯಾಮಿನಾರ್ ಹುಡ್‌ನಲ್ಲಿ ಹೊಸ ಬ್ಲೇಡಿಂದ 1 ಮಿಲಿಮೀಟರ್ ತುಂಡು ಮಾಡಿ. ಪಕ್ಕದಲ್ಲಿ ಬ್ಯಾಂಡ್ ಇಲ್ಲದ ಖಾಲಿ ಜೆಲ್ ತುಂಡನ್ನೂ ಹಾಗೇ ನಡೆಸಿ. ಅದರಲ್ಲೂ ಅಷ್ಟೇ ಕೆರಾಟಿನ್ ಬಂದರೆ ಬಫರ್ ಅಥವಾ ಟ್ಯೂಬ್ ಕಡೆ ನೋಡಿ.

ತುಂಡು ಅಸಿಟೋನೈಟ್ರೈಲ್‌ನಲ್ಲಿ ಬೆಳ್ಳಗಾಗಿ ಕುಗ್ಗಿದ ಮೇಲೆ ಪ್ರತಿ ಮೈಕ್ರೋಲೀಟರಿಗೆ 12.5 ನ್ಯಾನೋಗ್ರಾಂ ಟ್ರಿಪ್ಸಿನ್ ಹಾಕಿ, ಐಸ್ ಮೇಲೆ 30-45 ನಿಮಿಷ ಹೀರಲು ಬಿಡಿ. ಮಿಕ್ಕಿದ್ದು ತೆಗೆದು, ತುಂಡು ಮುಳುಗುವಷ್ಟು 50 ಮಿಲಿಮೋಲಾರ್ ಅಮೋನಿಯಂ ಬೈಕಾರ್ಬೊನೇಟ್ ಹಾಕಿ ರಾತ್ರಿಯಿಡೀ 37 ಡಿಗ್ರಿ. ಹೀಟ್ ಬ್ಲಾಕ್‌ಗಿಂತ ಇನ್‌ಕ್ಯುಬೇಟರ್ ವಾಸಿ. ಬ್ಲಾಕ್‌ನಲ್ಲಿ ನೀರೆಲ್ಲ ಮುಚ್ಚಳಕ್ಕೆ ಏರಿ ತುಂಡು ಒಣಗುತ್ತೆ.

ಸೋನಾ_ರಾಯಚೂರು
ಟ್ರೇ ಎಲ್ಲರದೂ ಹೌದು. ರುಬಿಸ್ಕೊ ದೊಡ್ಡ ಸಬ್‌ಯುನಿಟ್ 55ರ ಹತ್ತಿರ ಇರಬೇಕಲ್ಲ, 25ರಲ್ಲಿ ಹೇಗೆ?

ಪೆಪ್ಟೈಡ್_ಬಳ್ಳಾರಿ
ಪೆಪ್ಟೈಡ್‌ಗಳು ಸೀಕ್ವೆನ್ಸ್‌ನಲ್ಲಿ ಎಲ್ಲೆಲ್ಲಿ ಕೂತಿವೆ ಗುರುತು ಹಾಕಿ. ಒಂದೇ ಕಡೆ ಗುಂಪಾಗಿದ್ದರೆ ಎಲೆ ಅರೆಯುವಾಗ ಪ್ರೋಟಿಯೇಸ್ (ಪ್ರೋಟೀನ್ ಕಡಿಯುವ ಕಿಣ್ವ) ಕಡಿದ ತುಂಡು: ದ್ರವ ಸಾರಜನಕದಲ್ಲಿ ಅರೆದು ಅದನ್ನು ತಡೆಯುವ ಇನ್‌ಹಿಬಿಟರ್ ಹಾಕಿ. ಉದ್ದಕ್ಕೂ ಹರಡಿದ್ದರೆ ಮೇಲಿನ ಬ್ಯಾಂಡಿನಿಂದ ಎಳೆದುಬಂದಿದೆ, ಲೋಡ್ ಕಡಿಮೆ ಮಾಡಿ. 25ರ ಆಸುಪಾಸಿನಲ್ಲಿ ಕ್ಲೋರೋಫಿಲ್ ಹಿಡಿಯುವ ಪ್ರೋಟೀನ್‌ಗಳೂ ದಂಡಿಯಾಗಿ ಇರ್ತಾವೆ. ಹಾಗಾಗಿ ಎರಡು ಯುನಿಕ್ ಪೆಪ್ಟೈಡ್ (ಆ ಒಂದು ಪ್ರೋಟೀನ್‌ನಲ್ಲಿ ಮಾತ್ರ ಇರುವಂಥದ್ದು) ಸಿಗುವ ತನಕ ಸವಳಿನ ಪ್ರೋಟೀನ್ ಅಂತ ಯಾವುದಕ್ಕೂ ಹೆಸರು ಬರೆಯಬೇಡಿ.