ಟ್ಯಾಂಜರಿನ್ ಡ್ರೀಮ್‌ನ ‘ತ್ಸೈಟ್’: ಈ ಗುಂಯ್ ರೆಕಾರ್ಡಿನದ್ದಾ, ನನ್ನ ಪ್ಲೇಯರಿನದ್ದಾ?

ನೀರ್ಚಾಲಿನವ:
ಎಲ್ಲರಿಗೂ ನಮಸ್ಕಾರ. ಜರ್ಮನಿಯಲ್ಲಿ ಓದುವ ತಂಗಿ ಈ ಸಲ ರಜೆಗೆ ಬರುವಾಗ ಅಲ್ಲಿನ ಇಲೆಕ್ಟ್ರಾನಿಕ್ ಸಂಗೀತ ತಂಡ ಟ್ಯಾಂಜರಿನ್ ಡ್ರೀಮ್‌ನ ‘ತ್ಸೈಟ್’ ರೆಕಾರ್ಡ್ ತಂದಳು. 1972ರದ್ದು. ಎರಡು ತಟ್ಟೆ, ನಾಲ್ಕು ಬದಿ, ಬದಿಗೊಂದೇ ಕೃತಿ. ಮಾವ ಗಲ್ಫಿನಿಂದ ತಂದಿದ್ದ ಹಳೆ ಪ್ಲೇಯರಿನಲ್ಲಿ ಹಾಕಿದೆ. ಮೊದಲ ಬದಿಯ ಚೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ಕೇಳಿ ಮೈ ಜುಮ್ಮೆಂದಿತು. ಎರಡನೇ ಬದಿಗೆ ಬಂದರೆ ಹಿಂದಿನಿಂದ ಸುಮ್ನೆ ಗುಂಯ್ ಅಂತ ಒಂದೇ ಸದ್ದು. ಅದು ಸಂಗೀತವಾ, ಪ್ಲೇಯರಿನ ದೋಷವಾ ಗೊತ್ತಾಗುತ್ತಿಲ್ಲ. ತಾಳವೂ ಇಲ್ಲ. ಇದನ್ನು ಹೇಗೆ ಕೇಳಬೇಕು? ಬಿಟ್ಟುಬಿಡಲು ಮನಸ್ಸಿಲ್ಲ.

ಪೆರ್ಲ ಇಲೆಕ್ಟ್ರಿಕಲ್:
ಮುಳ್ಳು ಎತ್ತಿ ಹಿಡಿದು ವಾಲ್ಯೂಮ್ ಏರಿಸಿ ನೋಡಿ. ಆಗಲೂ ಗುಂಯ್ ಕೇಳಿದರೆ ಅದು ಕರೆಂಟಿನದ್ದು. ನಮ್ಮ ಲೈನಿನದ್ದು 50 ಹರ್ಟ್ಸ್, ಆ ಸದ್ದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಪ್ಲೇಯರಿನ ಹಿಂದೆ ತೆಳು ವಯರು ಒಂದು ಉಂಟಲ್ಲ, ಅದು ಅರ್ತ್. ಆಂಪ್ಲಿಫೈಯರಿನ ಹಿಂದಿರುವ ಸ್ಕ್ರೂಗೆ ಬಿಗಿ ಮಾಡಿ.

ಕುಂಬಳೆ ಚೆಂಡೆ:
ತಾಳದ ವಿಷಯ ನಾನು ಹೇಳುತ್ತೇನೆ ಮಾರಾಯ್ರೆ. ಮೂವತ್ತು ವರ್ಷದಿಂದ ಯಕ್ಷಗಾನದ ಆಟಕ್ಕೆ ಚೆಂಡೆ ಬಾರಿಸುತ್ತಿದ್ದೇನೆ. ಮೊದಲ ಸಲ ಇದನ್ನು ಕೇಳುವಾಗ ಬೆರಳು ತನ್ನಷ್ಟಕ್ಕೇ ತೊಡೆಯ ಮೇಲೆ ತಾಳ ಹುಡುಕುತ್ತಿತ್ತು. ಸಿಗಲಿಲ್ಲ. ಸಿಟ್ಟು ಬಂತು.

ಆಮೇಲೆ ಗೊತ್ತಾಯಿತು, ಇದರಲ್ಲಿರುವ ಕ್ರಿಸ್ಟೊಫರ್ ಫ್ರಾಂಕೆ ಮೂಲತಃ ಡ್ರಮ್ ಬಾರಿಸುವವರು. ಹಿಂದಿನ ವರ್ಷದ ರೆಕಾರ್ಡ್ ‘ಆಲ್ಫಾ ಸೆಂಟಾರಿ’ಯಲ್ಲಿ ಅವರ ಡ್ರಮ್ ಚೆನ್ನಾಗಿ ಕೇಳುತ್ತದೆ. ಇಲ್ಲಿ ಡ್ರಮ್ ಬದಿಗಿಟ್ಟಿದ್ದಾರೆ. ಅವರ ಕೈಯಲ್ಲಿರುವುದು ಸಿಂಬಲ್, ಕೀಬೋರ್ಡ್, ವಿಸಿಎಸ್ 3 ಎಂಬ ಸಿಂಥಸೈಜರ್, ಅಂದರೆ ಕರೆಂಟಿನಿಂದ ಸ್ವರ ಹುಟ್ಟಿಸುವ ಯಂತ್ರ. ಬಾರಿಸುವವನಿಗೆ ಕೋಲು ಕೆಳಗಿಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆ ದಿನದಿಂದ ಈ ರೆಕಾರ್ಡಿನ ಮೇಲೆ ನನಗೆ ದೊಡ್ಡ ಗೌರವ. 1974ರ ‘ಫೀಡ್ರಾ’ದಲ್ಲಿ ಅವರೇ ಸೀಕ್ವೆನ್ಸರ್ (ಸ್ವರಗಳ ಸಾಲನ್ನು ತಾನಾಗಿ ಮತ್ತೆ ಮತ್ತೆ ನುಡಿಸುವ ಯಂತ್ರ) ಹಿಡಿದು ಮತ್ತೆ ಲಯಕ್ಕೆ ಬಂದರು. ಆ ಮಿಡಿತ ಬೇರೆಯೇ. ನಡುವಿನ ಈ ಮೌನ ಇಲ್ಲದಿದ್ದರೆ ಅದು ಹಾಗೆ ಬರುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಕವರಿನಲ್ಲೇ ‘ಲಾರ್ಗೋ’ ಅಂತ ಬರೆದಿದ್ದಾರೆ ನೋಡಿ. ಬಹಳ ನಿಧಾನ ಅಂತ ಅರ್ಥ. ಎಡ್ಗರ್ ಫ್ರೋಸ ಮತ್ತು ಪೀಟರ್ ಬೌಮನ್ ತಂಡದ ಉಳಿದ ಇಬ್ಬರು. ಮೊದಲ ಬದಿಗೆ ನಾಲ್ವರು ಚೆಲ್ಲೋ ವಾದಕರು, ಜೊತೆಗೆ ಪೊಪೊಲ್ ವುಹ್ ಎಂಬ ಇನ್ನೊಂದು ಜರ್ಮನ್ ತಂಡದ ಫ್ಲೋರಿಯನ್ ಫ್ರಿಕೆ ಅವರ ಮೂಗ್ ಸಿಂಥಸೈಜರ್. ಚೆಲ್ಲೋ ಎಲ್ಲಿ ಮುಗಿಯಿತು, ಯಂತ್ರ ಎಲ್ಲಿ ಶುರುವಾಯಿತು ಅಂತ ಗುರುತಿಸಲು ನೋಡಿ. ನಾನು ಪ್ರತಿ ಸಲ ಬೇರೆ ಜಾಗ ತೋರಿಸುತ್ತೇನೆ.

ಒಂದು ದಿನಕ್ಕೆ ಒಂದೇ ಬದಿ ಸಾಕು. ರಾತ್ರಿ, ದೀಪ ಆರಿಸಿ. ಫೋನ್ ಬೇರೆ ಕೋಣೆಯಲ್ಲಿರಲಿ.

ಚೆರ್ವತ್ತೂರು ಗ್ರಹಣ:
ಕವರಿನ ಮೇಲಿನ ಗ್ರಹಣದ ಚಿತ್ರ ನೋಡಿದಾಗಲೆಲ್ಲ ನನಗೆ 2019ರ ಡಿಸೆಂಬರ್ 26 ನೆನಪಾಗುತ್ತದೆ. ಚೆರ್ವತ್ತೂರಿನಲ್ಲಿ ಕಂಕಣ ಗ್ರಹಣ ನೋಡಲು ಎಷ್ಟು ಜನ ಸೇರಿದ್ದೆವು! ಸುಮಾರು ಮೂರು ನಿಮಿಷ ಬಳೆ ಕಂಡಿತು. ಬಿಸಿಲು ಇತ್ತು, ಆದರೆ ಬಿಸಿ ಇರಲಿಲ್ಲ. ಮೂರನೇ ಬದಿ ಕೇಳುವಾಗ ನನಗೆ ಆ ಬೆಳಕೇ ಕಾಣುತ್ತದೆ.

ನೀರ್ಚಾಲಿನವ:
ಪೆರ್ಲದ ಅಣ್ಣ ಹೇಳಿದ್ದು ಸರಿ. ಅರ್ತ್ ವಯರಿನ ತುದಿಗೆ ಹಸಿರು ಕಿಲುಬು ಹಿಡಿದಿತ್ತು. ಮರಳು ಕಾಗದದಲ್ಲಿ ಉಜ್ಜಿ, ತಾಮ್ರ ಕೆಂಪಗೆ ಕಂಡ ಮೇಲೆ ಬಿಗಿದೆ. ನಿನ್ನೆ ರಾತ್ರಿ ಎರಡನೇ ಬದಿ ಮತ್ತೆ ಹಾಕಿದೆ. ಒಂದು ಗುಂಯ್ ಹೋಯಿತು. ಅದರ ಅಡಿಯಲ್ಲಿ ಇನ್ನೊಂದು ಇತ್ತು, ನಿಧಾನ ಉಸಿರಾಡುವ ಹಾಗೆ ಏರುತ್ತಾ ಇಳಿಯುತ್ತಾ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಮ್ಮ ಕೈ ನಿಲ್ಲಿಸಿ, ‘ಮಳೆ ಬಂತಾ?’ ಅಂತ ಕೇಳಿದರು. ಇವತ್ತು ಮೂರನೇ ಬದಿ.