ಒಂದೇ ಜಾರ್, ಒಂದೇ ಮಣೆ: ಅಡುಗೆಮನೆ ಪ್ರಶ್ನೋತ್ತರ

ಅಡ್ಮಿನ್: ಆಹಾರದಿಂದ ಬರುವ ಕಾಯಿಲೆಗಳ ತಜ್ಞೆಯೊಬ್ಬರು ಇವತ್ತು ಗುಂಪಿನಲ್ಲಿದ್ದಾರೆ. ಹಸಿ ಪದಾರ್ಥದಿಂದ ಬೆಂದ ಅಡುಗೆಗೆ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ದಾಟುವ ತೊಂದರೆಗಳ ಬಗ್ಗೆ ಕೇಳಿ.

ಮಂಡ್ಯದ ಸದಸ್ಯ: ಮೇಡಂ, ಕೋಳಿಗೆ ಅರಿಶಿನ ಹಚ್ಚಿ ತೊಳೆದರೆ ಸಾಕಲ್ವಾ?

ತಜ್ಞೆ: ನಲ್ಲಿ ಕೆಳಗೆ ತೊಳೆಯಬೇಡಿ. ಸಿಡಿಯುವ ಹನಿಗಳ ಜೊತೆ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಪಕ್ಕದ ತಟ್ಟೆ, ಕೊತ್ತಂಬರಿ ಸೊಪ್ಪಿನ ಮೇಲೆಲ್ಲ ಕೂರುತ್ತವೆ. ಅರಿಶಿನವನ್ನು ನಂಬಬೇಡಿ. ತುಂಡಿನ ಒಳಗಿನ ತನಕ 75 ಡಿಗ್ರಿ ಕಾವು ತಾಗಿದರೆ ಸಾಯುತ್ತವೆ. ಪುಕ್ಕ, ರಕ್ತ ಇದ್ದರೆ ಪಾತ್ರೆಯ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಿರಿ. ಆಮೇಲೆ ಸಿಂಕ್, ಮಣೆ, ಕೈ ಮೂರನ್ನೂ ಸೋಪು ಹಾಕಿ ತೊಳೆಯಿರಿ.

ಹಾಸನದ ಸದಸ್ಯೆ: ನಿಂಬೆಹುಳಿ, ಉಪ್ಪು ಹಾಕಿ ತೊಳೆಯಬಹುದಾ ಮೇಡಂ?

ತಜ್ಞೆ: ಮೇಲಿನ ಉತ್ತರವೇ.

ಧಾರವಾಡದ ಸದಸ್ಯೆ: ಮೇಡಂ, ಮಗನಿಗೆ ಆರು ವರ್ಷ, ಶೇಂಗಾ ಅಲರ್ಜಿ. ಅವನಿಗೆ ಶೇಂಗಾ ಕೊಡುವುದೇ ಇಲ್ಲ. ಮೊನ್ನೆ ಕೊಬ್ಬರಿ ಚಟ್ನಿ ತಿಂದು ತುಟಿ ಊದಿತು. ಹಿಂದಿನ ದಿನ ಅದೇ ಜಾರಿನಲ್ಲಿ ಅತ್ತೆ ಶೇಂಗಾ ಚಟ್ನಿಪುಡಿ ಮಾಡಿದ್ದರು. ಆದರೆ ಕುದಿಯುವ ನೀರು ಹಾಕಿ ತೊಳೆದಿದ್ದೆವು.

ತಜ್ಞೆ: ಇದನ್ನು ಸುಮ್ನೆ ಬಿಡಬೇಡಮ್ಮಾ. ಕೊಬ್ಬರಿಯೇ ಕಾರಣವಾ ಅನ್ನುವುದನ್ನು ಅಲರ್ಜಿ ಡಾಕ್ಟರ್ ಪರೀಕ್ಷೆ ಮಾಡಿ ಹೇಳಬೇಕು. ನನಗೆ ಅನುಮಾನ ಜಾರಿನ ಮೇಲೆ. ಹೆಚ್ಚಿನ ರೋಗಾಣು ಕುದಿಯುವ ನೀರಿಗೆ ಸಾಯುತ್ತದೆ, ಆದರೆ ಶೇಂಗಾದ ಪ್ರೋಟೀನ್ ಜೀವಿಯಲ್ಲ, ಸಾಯುವುದಕ್ಕೆ. ಹುರಿದರೂ ಕುದಿಸಿದರೂ ಅಲರ್ಜಿ ಮಾಡುವ ಗುಣ ಹೋಗುವುದಿಲ್ಲ. ಅದನ್ನು ಸೋಪು ಹಾಕಿ ಉಜ್ಜಿ ತೆಗೆಯಬೇಕು. ಜಾರಿನ ಬ್ಲೇಡ್ ಬುಡ, ಮುಚ್ಚಳದ ರಬ್ಬರ್ ಸಂದಿಗೆ ನಮ್ಮ ಕೈ ಹೋಗುವುದೇ ಇಲ್ಲ. ಹಾಗಾಗಿ ಮಗನಿಗೆ ಬೇರೆ ಜಾರ್ ಇಡಿ, ಅದಕ್ಕೆ ಕೆಂಪು ಟೇಪ್ ಸುತ್ತಿ. ಒಗ್ಗರಣೆ ಸೌಟೂ ಬೇರೆ ಇರಲಿ. ಗಾಣದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನ್ ಉಳಿದಿರುತ್ತದೆ, ಅದು ಬೇಡ. ಶೇಂಗಾ ಮುಟ್ಟಿದ ಕೈಗೆ ಸ್ಯಾನಿಟೈಸರ್ ಸಾಲದು, ಸೋಪು, ನೀರೇ ಬೇಕು. ಉಸಿರು ಕಟ್ಟಿದರೆ, ಮತ್ತೆ ಮತ್ತೆ ವಾಂತಿಯಾದರೆ, ಮಗು ಮಂಕಾದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಜೋರು ಅಲರ್ಜಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಮನೆಯಲ್ಲಿ ಇಡಬೇಕಾ ಎಂದು ಈ ವಾರವೇ ಡಾಕ್ಟರನ್ನು ಕೇಳಿ.

ತುಮಕೂರಿನ ಸದಸ್ಯ: ಗುಂಪಿಗೆ ಬಂದದ್ದು: ‘ಕತ್ತರಿಸಿದ ಈರುಳ್ಳಿ ಗಾಳಿಯಲ್ಲಿನ ರೋಗಾಣುಗಳನ್ನೆಲ್ಲ ಎಳೆದುಕೊಂಡು ವಿಷವಾಗುತ್ತದೆ. ಎಲ್ಲರಿಗೂ ಕಳಿಸಿ.’

ತಜ್ಞೆ: ಸುಳ್ಳು. ಈರುಳ್ಳಿ ಏನನ್ನೂ ಎಳೆದುಕೊಳ್ಳುವುದಿಲ್ಲ. ಕೊಳಕು ಚಾಕು, ಕೊಳಕು ಕೈಯಿಂದ ರೋಗಾಣು ಬರುತ್ತದೆ. ಶುದ್ಧವಾಗಿ ಹೆಚ್ಚಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಇಂಥದ್ದನ್ನು ಇಲ್ಲಿ ಹಾಕಬೇಡಿ.

ಮೈಸೂರಿನ ಸದಸ್ಯ: ಮಾಂಸವನ್ನೇ ಮನೆಗೆ ತರದಿದ್ದರೆ ಇದ್ಯಾವ ತಾಪತ್ರಯವೂ ಇಲ್ಲ.

ಮಂಗಳೂರಿನ ಸದಸ್ಯೆ: ನಾವು ಮೀನಿಗೆ ಬೇರೆ ಕತ್ತಿ ಇಟ್ಟಿದ್ದೇವೆ ಮಾರಾಯ್ರೆ. ನೀವು ಸೊಪ್ಪು ತೊಳೆಯದೆ ಹೆಚ್ಚಿದರೆ ಅದರ ಮಣ್ಣಿನಲ್ಲಿ ಏನೂ ಇರುವುದಿಲ್ಲವಾ?

ಮೈಸೂರಿನ ಸದಸ್ಯ: ನಮ್ಮ ಮಡಿ ಬಗ್ಗೆ ನಿಮ್ಮಿಂದ ಕಲಿಯಬೇಕಾಗಿಲ್ಲ.

ಮಂಡ್ಯದ ಸದಸ್ಯ: ಹಾಗಾದರೆ ನಮ್ಮ ಊಟದ ಮಾತು ನಿಮಗೇಕೆ?

ಶಿವಮೊಗ್ಗದ ಸದಸ್ಯೆ: ಫ್ರಿಜ್‌ಗೆ ಸ್ಟೀಲ್ ಡಬ್ಬಿ ಒಳ್ಳೆಯದಾ, ಗಾಜಿನದಾ?

ತಜ್ಞೆ: ಇಬ್ಬರೂ ಜಗಳ ನಿಲ್ಲಿಸಿ. ಸೊಪ್ಪಿನಲ್ಲೂ ರೋಗಾಣು ಇರುತ್ತದೆ, ಮೀನಿನಲ್ಲೂ ಇರುತ್ತದೆ. ಫ್ರಿಜ್‌ನಲ್ಲಿ ಹಸಿ ಮಾಂಸ, ಮೀನು ಮುಚ್ಚಿದ ಡಬ್ಬಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಖಾನೆಯಲ್ಲಿರಲಿ, ನೀರು ಸೋರಿದರೂ ಬೇರೆ ಅಡುಗೆ ಮೇಲೆ ಬೀಳಬಾರದು.

ಹಾಸನದ ಸದಸ್ಯೆ: ವಿನೆಗರ್ ಹಾಕಿ ಕೋಳಿ ತೊಳೆದರೆ?

ತಜ್ಞೆ: ಇಲ್ಲ. ಇನ್ನು ಕೋಳಿ ತೊಳೆಯುವ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಧಾರವಾಡದ ಸದಸ್ಯೆ: ಬೇರೆ ಜಾರ್ ತಂದೆ ಮೇಡಂ. ‘ಒಂದು ಚೂರಿಗೆ ಏನಾಗುತ್ತೆ’ ಅಂತಾರೆ ಅತ್ತೆ.

ತಜ್ಞೆ: ಡಾಕ್ಟರ್ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಚೂರೇ ಸಾಕು ಅನ್ನುವುದನ್ನು ಡಾಕ್ಟರ್ ಬಾಯಿಂದಲೇ ಕೇಳಲಿ.

ಮೈಸೂರಿನ ಸದಸ್ಯ: ಅಡ್ಮಿನ್, ನನ್ನ ಮೆಸೇಜ್ ಯಾಕೆ ಅಳಿಸಿದಿರಿ?